ಕಲೆಗೆ ಭಾಷೆ ಇಲ್ಲವಂತೆ, ಅರ್ಜಿಗೆ ಮಾತ್ರ ಇಂಗ್ಲಿಷ್ ಬೇಕಂತೆ!



ಬೆಂಗಳೂರಿನ ಯಾವುದಾದರೂ ದೊಡ್ಡ ಆರ್ಟ್ ಗ್ಯಾಲರಿಯ ಬಾಗಿಲಲ್ಲಿ ನಿಂತು ತಲೆ ಎತ್ತಿ ನೋಡಿ. ಬೋರ್ಡಿನ ಮೇಲೆ ಕನ್ನಡ ಕಂಡರೆ ಅದು ಅವರ ದೊಡ್ಡತನ ಅಂದುಕೊಳ್ಳಬೇಡಿ. 2023ರ ಡಿಸೆಂಬರಿನಲ್ಲಿ ನಮ್ಮ ಕಾರ್ಯಕರ್ತರು ಬೀದಿಗಿಳಿದು ಪೊಲೀಸ್ ವ್ಯಾನು ಹತ್ತಿದ ಮೇಲೆ, 2024ರಲ್ಲಿ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು ಅಂದ ಮೇಲೆ ಬಂದ ಕನ್ನಡ ಅದು. ಈಗ ಒಳಗೆ ಹೋಗಿ. ಚಿತ್ರದ ಪಕ್ಕದ ಚೀಟಿ ಇಂಗ್ಲಿಷ್. ಕೈಗೆ ಕೊಡುವ ಪುಸ್ತಿಕೆ ಇಂಗ್ಲಿಷ್. ಉದ್ಘಾಟನೆಯ ಭಾಷಣ ಇಂಗ್ಲಿಷ್. ಕನ್ನಡ ಮಾತಾಡುವವರು ಇದ್ದರೆ ಕಾವಲುಗಾರ ಮತ್ತು ಟೀ ತಂದುಕೊಡುವ ಹುಡುಗ, ಇಬ್ಬರೇ.

ಚೀಟಿಗಾಗಿ ಯಾಕಯ್ಯ ಇಷ್ಟು ಜಗಳ ಅಂತ ನೀವು ಕೇಳಬಹುದು. ಜಗಳ ಚೀಟಿಯದಲ್ಲ, ಆ ಗೋಡೆಯ ತನಕ ಯಾರು ತಲುಪುತ್ತಾರೆ ಅನ್ನುವುದರದು.

ಹೊಸ ಕಲಾವಿದರನ್ನು ಗ್ಯಾಲರಿಗಳು ಹುಡುಕುವ ಬಗೆ ಈಗ ಬೇರೆ. 'ಓಪನ್ ಕಾಲ್' ಅಂತ ಒಂದು ಕರೆ ಹೊರಡಿಸುತ್ತಾರೆ. ಯಾರು ಬೇಕಾದರೂ ಅರ್ಜಿ ಹಾಕಬಹುದು ಅನ್ನುವುದು ಅದರ ಅರ್ಥವಂತೆ. ಹತ್ತು ಚಿತ್ರಗಳ ಫೋಟೋ ಕಳಿಸಿ, ಜೊತೆಗೆ ನಿಮ್ಮ ಕಲೆಯ ಬಗ್ಗೆ ಮುನ್ನೂರೋ ಐನೂರೋ ಪದಗಳ ಹೇಳಿಕೆ ಬರೆಯಿರಿ, ಇಂಗ್ಲಿಷಿನಲ್ಲಿ. ಇದೇ ಜನ ವೇದಿಕೆ ಹತ್ತಿದರೆ 'ಕಲೆಗೆ ಭಾಷೆಯ ಗಡಿ ಇಲ್ಲ' ಅನ್ನುತ್ತಾರೆ. ಕಲೆಗೆ ಭಾಷೆ ಇಲ್ಲದಿದ್ದರೆ ಐನೂರು ಪದದ ಇಂಗ್ಲಿಷ್ ಯಾಕೆ ಸ್ವಾಮಿ? ಬರೀ ಚಿತ್ರ ನೋಡಿ ಆರಿಸಿ.

ನನ್ನದು ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆ ಕರಪತ್ರದ ಜೊತೆಗೆ ಈಚೆಗೆ ಈ ಅರ್ಜಿಗಳೂ ಟೈಪಿಂಗಿಗೆ ಬರುತ್ತವೆ. ನಾಗಮಂಗಲದ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ನಾಗಮಂಗಲದ ಲೋಹದ ವಿಗ್ರಹಗಳಿಗೆ ಎಷ್ಟು ಹೆಸರಿದೆ ಅಂತ ನಿಮಗೆ ಗೊತ್ತು. ಮೊದಲು ಮೇಣದಲ್ಲಿ ಗೊಂಬೆ ಮಾಡಿ, ಮೇಲೆ ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ ಮೇಣ ಕರಗಿಸಿ ಹೊರಗೆ ಬಿಟ್ಟು, ಆ ಟೊಳ್ಳಿಗೆ ಕಾದ ಲೋಹ ಹುಯ್ಯುವ ಕೆಲಸ. ಈ ಹುಡುಗ ಆ ಮನೆತನದವನು, ಕಲಾಶಾಲೆಯಲ್ಲೂ ಓದಿದವನು. ಅವನು ದೇವರ ವಿಗ್ರಹದ ಜೊತೆಗೆ ಬೀಗಗಳನ್ನು ಎರಕ ಹುಯ್ಯುತ್ತಾನೆ. ಊರು ಬಿಟ್ಟು ಬೆಂಗಳೂರಿಗೆ ಹೋದವರ ಮನೆಯ ಬೀಗಗಳು. ಯಾಕಪ್ಪ ಬೀಗ ಅಂದೆ. "ಅಣ್ಣ, ಮೇಣ ಬುಟ್ಟೋದ ಜಾಗದಲ್ಲೇ ಅಲ್ವಾ ಲೋಹ ನಿಲ್ಲೋದು? ಜನ ಬುಟ್ಟೋದ ಮನೇಲಿ ನಿಂತಿರೋದು ಬೀಗ ಒಂದೇಯ" ಅಂದ. ನಾನು ಪಿಯುಸಿ ಓದಿದವನು, ಕಲೆಯ ಬಗ್ಗೆ ನನಗೇನೂ ಪಾಂಡಿತ್ಯವಿಲ್ಲ. ಆದರೂ ಆ ಮಾತು ಎದೆಗೆ ನಾಟಿತು. ಅದನ್ನೇ ಅವನು ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿಕೊಂಡು ಬಂದ. ಅಸ್ತಿತ್ವ, ಗೈರುಹಾಜರಿ, ಸ್ಮೃತಿಯ ಭೂಗೋಳ ಅಂತೇನೇನೋ ಆಗಿತ್ತು. ಬೀಗವೂ ಇರಲಿಲ್ಲ, ಮೇಣವೂ ಇರಲಿಲ್ಲ. ಅರ್ಜಿ ಹೋಯಿತು, ಆಯ್ಕೆಯಾಗಲಿಲ್ಲ. ಆಯ್ಕೆಯಾಗದೆ ಇರಲು ಬೇರೆ ಕಾರಣವೂ ಇದ್ದೀತು, ವಾದಿಸುವುದಿಲ್ಲ. ಆದರೆ ಅವನು ನಿಜವಾಗಿ ಹೇಳಿದ ಮಾತು ಆಯ್ಕೆ ಮಾಡುವವರ ಕಿವಿಗೆ ಬೀಳಲೇ ಇಲ್ಲ.

ಈಗ ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಬನ್ನಿ. ಅಲ್ಲಿ ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಸ್ಥಾನ ಇದೆ. ಬಾಗಿಲ ಬಳಿಯ ದ್ವಾರಪಾಲಕ ಮೂರ್ತಿಯ ಪೀಠದಲ್ಲಿ ಅದನ್ನು ಕಡೆದ ಶಿಲ್ಪಿಯ ಹೆಸರಿದೆ: ರೂವಾರಿ ಮಲ್ಲಿತಮ್ಮ. ಕನ್ನಡದಲ್ಲಿ ಕಣ್ರೀ! ಸೋಮನಾಥಪುರದ ಮೂರ್ತಿಗಳ ಕೆಳಗೂ ಇದೇ ಮಲ್ಲಿತಮ್ಮನ ಹೆಸರು. ಹದಿಮೂರನೇ ಶತಮಾನದಲ್ಲಿ, ಅರಸರ ಕಾಲದಲ್ಲಿ, ನಮ್ಮ ನೆಲದ ಕಲಾವಿದ ತನ್ನ ಕೃತಿಯ ಕೆಳಗೆ ತನ್ನ ಹೆಸರನ್ನು ತನ್ನ ಭಾಷೆಯಲ್ಲಿ ಕೆತ್ತಿದ. ಅದೇ ತಾಲ್ಲೂಕಿನ ಹುಡುಗ ಇವತ್ತು ಪ್ರಜಾಪ್ರಭುತ್ವದಲ್ಲಿ, ತನ್ನದೇ ರಾಜಧಾನಿಯಲ್ಲಿ, ತನ್ನ ಚಿತ್ರದ ಕೆಳಗಿನ ಚೀಟಿಯನ್ನು ತನ್ನವ್ವ ಓದುವ ಹಾಗೆ ಹಾಕಿಸಲಾರ.

ಶ್ರೀರಂಗಪಟ್ಟಣದ ಕಥೆ ಇನ್ನೂ ಚೆನ್ನಾಗಿದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಬೈಲಿಯ ಸೈನ್ಯ ಸೋತು ಸುಣ್ಣವಾದ ಯುದ್ಧ. ಇಂಗ್ಲಿಷರು ಸೋತದ್ದನ್ನು ನಮ್ಮ ಗೋಡೆ ಬರೆದುಕೊಂಡಿದೆ. 1799ರಲ್ಲಿ ಪಟ್ಟಣ ಬಿತ್ತು. ಮಾರನೆಯ ವರ್ಷವೇ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಚಿತ್ರಕಾರ ಶ್ರೀರಂಗಪಟ್ಟಣದ ಮುತ್ತಿಗೆಯ ಭಾರೀ ಚಿತ್ರ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು ನೋಡಿದರು. ನಮ್ಮೂರಿನ ಹೆಸರಲ್ಲಿ ಲಂಡನ್ನಿನಲ್ಲಿ ಟಿಕೆಟ್ಟು ಹರಿದು ಇನ್ನೂರು ವರ್ಷ ದಾಟಿತು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನಲ್ಲಿ ಹೊಸ ಹುಡುಗರ ಚಿತ್ರ ತೂಗುಹಾಕಲೆಂದೇ ಸರ್ಕಾರ ಕಟ್ಟಿಸಿದ ಒಂದು ಕೋಣೆ ತೋರಿಸಿ ನೋಡೋಣ. ಪ್ರವಾಸಿಗಳಿಗೆ ಸತ್ತವರ ಕಲೆ ಬೇಕು. ಬದುಕಿರುವವರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕು.

ಬಸ್ಸು ಹತ್ತುವುದೂ ಸುಲಭವಲ್ಲ. ಕೆ.ಆರ್. ಪೇಟೆಯಿಂದ ಬೆಂಗಳೂರಿಗೆ ಸುಮಾರು 150 ಕಿಲೋಮೀಟರ್. ನಾಲ್ಕಡಿ ಕ್ಯಾನ್ವಾಸು ಹಿಡಿದವನನ್ನು ಯಾವ ಕಂಡಕ್ಟರು ಹತ್ತಿಸಿಕೊಳ್ಳುತ್ತಾನೆ? ಫ್ರೇಮಿನ ಖರ್ಚು, ಗಾಡಿ ಬಾಡಿಗೆ, ಉಳಿಯುವ ಖರ್ಚು. ಚಿತ್ರ ಮಾರಾಟವಾದರೆ ಖಾಸಗಿ ಗ್ಯಾಲರಿಯವರು ಮೂರರಲ್ಲೊಂದು ಪಾಲಿನಿಂದ ಅರ್ಧದ ತನಕ ಮುರಿದುಕೊಳ್ಳುವುದುಂಟು. ಕಡಿಮೆ ಬಾಡಿಗೆಗೆ ಗೋಡೆ ಸಿಗುತ್ತಿದ್ದ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನೇ ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡಲು ಸರ್ಕಾರ ಹೊರಟಿತ್ತು. 2015-16ರಲ್ಲಿ ಕಲಾವಿದರು ಬೀದಿಗೆ ಬಂದು ಪ್ರತಿಭಟಿಸಬೇಕಾಯಿತು.

ಹಾಗಂತ ಬಾಗಿಲೆಲ್ಲ ಮುಚ್ಚಿದೆ ಅಂತ ನಮ್ಮ ಹುಡುಗರು ಕೈಕಟ್ಟಿ ಕೂರಬೇಕಿಲ್ಲ. ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನ ಇದೆ, ಪ್ರಕಟಣೆ ಕನ್ನಡದಲ್ಲೇ ಬರುತ್ತದೆ, ಕಾದು ನೋಡಿ ಅರ್ಜಿ ಹಾಕಿ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ 2003ರಿಂದ ನಡೆಯುತ್ತಿದೆ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯೇ ಗ್ಯಾಲರಿ. ಅಲ್ಲಿ ಕೊಳ್ಳುವವನು ನೇರ ಕಲಾವಿದನ ಹತ್ತಿರ ಚೌಕಾಸಿ ಮಾಡುತ್ತಾನೆ, ಕನ್ನಡದಲ್ಲೇ ಮಾಡುತ್ತಾನೆ. ಸಂತೆ ಅಂತ ಮೂಗು ಮುರಿಯುವ ದೊಡ್ಡವರಿದ್ದಾರೆ. ಮಂಡ್ಯದವರಿಗೆ ಸಂತೆ ಅವಮಾನವಲ್ಲ. ಹತ್ತಿರದಲ್ಲಿ ಮೈಸೂರಿನ ಕಲಾಮಂದಿರದ ಗ್ಯಾಲರಿ ಇದೆ. ಒಟ್ಟಿಗೆ ನಾಲ್ಕು ಜನ ಸೇರಿ ಬಾಡಿಗೆ ಹಂಚಿಕೊಂಡರೆ ಹೊರೆಯಾಗುವುದಿಲ್ಲ.

ಒಂದು ಎಚ್ಚರಿಕೆ. 'ನಿಮ್ಮ ಕೃತಿ ಅಂತಾರಾಷ್ಟ್ರೀಯ ಪ್ರದರ್ಶನಕ್ಕೆ ಆಯ್ಕೆಯಾಗಿದೆ, ಇಷ್ಟು ಸಾವಿರ ಕಟ್ಟಿ' ಅಂತ ವಾಟ್ಸ್ಯಾಪಿಗೆ ಬಂದರೆ ನಂಬಬೇಡಿ. ಯಾವ ಕೋಣೆ, ಯಾವ ತಾರೀಖು, ಯಾರು ಆಯ್ಕೆ ಮಾಡಿದರು, ಮೂರೂ ಕೇಳಿ. ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ. ಅವರು ಕೊಡುವ ಚಿನ್ನದ ಅಂಚಿನ ಸರ್ಟಿಫಿಕೇಟು ನನ್ನಂಥವರ ಪ್ರೆಸ್ಸಿನಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಅಚ್ಚಾಗುತ್ತದೆ.

'ಕಲೆಯ ವಿಚಾರ ಕನ್ನಡದಲ್ಲಿ ಹೇಳಲು ಪದಗಳೇ ಇಲ್ಲ' ಅನ್ನುವ ಪಂಡಿತರಿಗೆ ಒಂದು ಮಾತು. ಶಿವರಾಮ ಕಾರಂತರು 'ಭಾರತೀಯ ಚಿತ್ರಕಲೆ' ಅಂತ ಪುಸ್ತಕ ಬರೆದಾಗ ನೀವು ಹುಟ್ಟಿರಲಿಲ್ಲ. ಇನ್ನು 'ಇಂಗ್ಲಿಷ್ ಇಲ್ಲದಿದ್ದರೆ ಲೋಕ ಹೇಗೆ ನೋಡೀತು' ಅನ್ನುವವರು. ಇಂಗ್ಲಿಷ್ ತೆಗೆಯಿರಿ ಅಂತ ಯಾರಂದರು? ಕೋಟೇಶ್ವರದ ಎಲ್.ಎನ್. ತಲ್ಲೂರು ಮೈಸೂರಿನ ಕಾವಾದಲ್ಲಿ ಓದಿ 2012ರ ಸ್ಕೋಡಾ ಪ್ರಶಸ್ತಿ ಪಡೆದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರ ಕೃತಿ 2009ರಲ್ಲಿ ವೆನಿಸ್ಸಿಗೆ ಹೋಯಿತು. ಲೋಕ ನೋಡಿಯೇ ನೋಡುತ್ತದೆ. ಭದ್ರಾವತಿ, ಕೋಟೇಶ್ವರದವರೂ ಬೆಂಗಳೂರಿನಲ್ಲೇ ಅದನ್ನು ಓದಿ ತಿಳಿಯುವ ಹಾಗಿರಲಿ ಅಂತಷ್ಟೇ ನಮ್ಮ ಹಟ. ಅರ್ಜಿ ಕನ್ನಡದಲ್ಲೂ ಬರೆಯಲು ಬಿಡಿ, ಅನುವಾದದ ಖರ್ಚು ಕರೆದವರದು. ಚೀಟಿ, ಪುಸ್ತಿಕೆ ಎರಡೂ ಭಾಷೆಯಲ್ಲಿರಲಿ, ಕನ್ನಡ ಮೇಲಿರಲಿ. ಸರ್ಕಾರದ ಜಾಗ, ಸರ್ಕಾರದ ದುಡ್ಡು ಪಡೆಯುವ ಸಂಸ್ಥೆಗೆ ಇದು ಷರತ್ತಾಗಲಿ. ಅನುದಾನದ ಲೆಕ್ಕ ಮಾಹಿತಿ ಹಕ್ಕಿನಲ್ಲಿ ಕೇಳಿ, ಅದಕ್ಕೆ ಕನ್ನಡದಲ್ಲೇ ಅರ್ಜಿ ಬರೆಯಬಹುದು.

ನಮ್ಮವರಿಗೂ ಎರಡು ಮಾತು ಹೇಳದೆ ಬಿಡಲಾರೆ. ನವೆಂಬರ್ ಬಂದರೆ ನಾವೇನು ಮಾಡುತ್ತೇವೆ? ಆರ್ಕೆಸ್ಟ್ರಾ, ಪಟಾಕಿ, ನಾಯಕರ ಮುಖದ ಹತ್ತಡಿ ಫ್ಲೆಕ್ಸು. ಆ ಫ್ಲೆಕ್ಸು ಬರುವ ಮುಂಚೆ ಬೋರ್ಡು, ಬ್ಯಾನರು ಬರೆದು ಬದುಕುತ್ತಿದ್ದ ಕಲಾವಿದರು ನಮ್ಮ ಪೇಟೆ ಬೀದಿಗಳಲ್ಲೇ ಇದ್ದರು, ಕುಂಚ ಇಟ್ಟು ಬೇರೆ ಕೂಲಿಗೆ ಹೋದರು. ಯಾವ ರಾಜ್ಯೋತ್ಸವ ಸಮಿತಿ ಅವರನ್ನು ಕರೆಯಿತು? ಗ್ಯಾಲರಿಯವನಿಗೆ ಬೈಯುವಾಗ ನಮಗೆ ಗಂಟಲು ಜೋರು. ಆರ್ಕೆಸ್ಟ್ರಾಕ್ಕೆ ಕೊಡುವ ದುಡ್ಡಿನ ಅರ್ಧ ಸಾಕು, ಗುರುಭವನವನ್ನೋ ಅಂಬೇಡ್ಕರ್ ಭವನವನ್ನೋ ಒಂದು ವಾರ ಬಾಡಿಗೆಗೆ ಹಿಡಿದು ತಾಲ್ಲೂಕಿನ ಹುಡುಗ ಹುಡುಗಿಯರ ಚಿತ್ರ, ಶಿಲ್ಪ ಇಡಬಹುದು. ಶ್ರೀರಂಗಪಟ್ಟಣದ ದಸರೆಯಲ್ಲೂ ಕಿರಂಗೂರು ಬನ್ನಿಮಂಟಪದ ಬಳಿ ಇದಕ್ಕೆಂದೇ ಒಂದು ಶಾಮಿಯಾನ ಕೇಳಿ, ಈಗಲೇ ತಹಸೀಲ್ದಾರರಿಗೆ ಮನವಿ ಕೊಡಿ.

ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಸಂಘದವರು ಮುಂದಾದರೂ ಚಿತ್ರದ ಕೆಳಗಿನ ಚೀಟಿ ಮತ್ತು ಕಲಾವಿದರ ಪರಿಚಯದ ಪುಸ್ತಿಕೆ ನಾನು ಕನ್ನಡದಲ್ಲಿ ಅಚ್ಚು ಹಾಕಿ ಕೊಡುತ್ತೇನೆ. ಮಜೂರಿ ಬೇಡ, ಕಾಗದದ ದುಡ್ಡು ಕೊಡಿ. ಹಸ್ತಪ್ರತಿ ಮಾತ್ರ ಹದಿನೈದು ದಿನ ಮುಂಚೆ ತಲುಪಿಸಿ, ಹಿಂದಿನ ರಾತ್ರಿ ತರಬೇಡಿ.