ಕರಾವಳಿಯ ಕೋಟೆಗಳಿಗೆ ಬಸ್ಸೋ, ಕಾರೋ?

ಮಂಗಳೂರಿಗೆ ಬಂದು ಒಂದೆರಡು ದಿನ ಉಳಿಯುವವರಿಗೆ ನೋಡಲು ಕೋಟೆಗಳ ಕೊರತೆಯಿಲ್ಲ. ನಗರದ ಬೋಳೂರಿನಲ್ಲೇ ಸುಲ್ತಾನ್ ಬತ್ತೇರಿ ಇದೆ. ದಕ್ಷಿಣಕ್ಕೆ ಕುಂಬಳೆಯ ಆರಿಕ್ಕಾಡಿ, ಕಾಸರಗೋಡಿನ ಚಂದ್ರಗಿರಿ, ಬೇಕಲ ಮತ್ತು ಹೊಸದುರ್ಗದ ಕೋಟೆಗಳು ಸಾಲುಗಟ್ಟಿವೆ. ಘಟ್ಟದ ಕಡೆಗೆ ಹೋದರೆ ಬೆಳ್ತಂಗಡಿಯ ಗಡಾಯಿಕಲ್ಲು. ಇವನ್ನು ಬಸ್ಸು, ರೈಲುಗಳಲ್ಲಿ ಸುತ್ತಬೇಕೋ ಬಾಡಿಗೆ ಕಾರಿನಲ್ಲೋ ಎಂಬ ಪ್ರಶ್ನೆಗೆ ಒಮ್ಮತದ ಉತ್ತರವಿಲ್ಲ. ಎರಡೂ ಪಕ್ಷದವರ ಮಾತಿನಲ್ಲಿ ಹುರುಳಿದೆ.

ಬಸ್ಸಿನ ಪರವಾದ ಮೊದಲ ವಾದ ಭೂಗೋಳದ್ದು. ಕೆಳದಿಯ ಅರಸರು ಈ ತೀರದಲ್ಲಿ ಕೋಟೆಗಳನ್ನು ಕಟ್ಟಿದ್ದು ಬಹುಮಟ್ಟಿಗೆ ಹೊಳೆಗಳನ್ನೂ ಕಡಲನ್ನೂ ಕಾಯಲು. ಇಂದಿನ ರಸ್ತೆಯೂ ಅದೇ ಹೊಳೆಗಳನ್ನು ದಾಟಿ ಸಾಗುತ್ತದೆ. ಹೀಗಾಗಿ ಆರಿಕ್ಕಾಡಿಯ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಸಿಗುತ್ತದೆ. ಕಾಸರಗೋಡಿನಿಂದ ಕಾಞಂಗಾಡಿಗೆ ಕರಾವಳಿಯ ದಾರಿಯಾಗಿ ಹೋಗುವ ಬಸ್ಸು ಚಂದ್ರಗಿರಿ ಸೇತುವೆಯನ್ನು ದಾಟಿ ಬೇಕಲವನ್ನು ಮುಟ್ಟುತ್ತದೆ. ಎರಡನೆಯ ವಾದ ಇತಿಹಾಸದ್ದು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆಸ್ಪತ್ರೆಗೆಂದು, ಕಾಲೇಜಿಗೆಂದು ತಲಪಾಡಿಯಲ್ಲಿ ಕೇರಳದ ಗಡಿ ದಾಟುವವರ ಜೊತೆ ಕುಳಿತು ತುಳು, ಕನ್ನಡ, ಮಲಯಾಳಗಳನ್ನು ಒಂದೇ ಬಸ್ಸಿನಲ್ಲಿ ಕೇಳಿದವರಿಗೆ ಆ ನಂಟಿನ ಅರಿವಾಗುತ್ತದೆ. ಕಾರಿನ ಕಿಟಕಿ ಏರಿಸಿ ಹೋಗುವವರಿಗೆ ಅದು ಅಷ್ಟು ಸುಲಭವಾಗಿ ದಕ್ಕುವುದಿಲ್ಲ.

ಕಾರಿನ ಪರವಾಗಿ ಮಾತಾಡುವವರು ಇದನ್ನು ಅಲ್ಲಗಳೆಯುವುದಿಲ್ಲ. ಅವರ ತಕರಾರು ಕೊನೆಯ ಒಂದೆರಡು ಕಿಲೋಮೀಟರಿನದು. ಬೇಕಲ ಕೋಟೆಯ ಹೆಸರಿನದೇ ರೈಲು ನಿಲ್ದಾಣವಿದ್ದರೂ ಅಲ್ಲಿ ನಿಲ್ಲುವ ಗಾಡಿಗಳು ಕಡಿಮೆ. ಎಕ್ಸ್‌ಪ್ರೆಸ್ ಹತ್ತಿದವರು ಸಾಮಾನ್ಯವಾಗಿ ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿದು ಮತ್ತೆ ಬಸ್ಸು ಹಿಡಿಯಬೇಕು. ಸುಮಾರು 40 ಎಕರೆ ಹರಡಿರುವ ಆ ಕೋಟೆಯೊಳಗೆ ನೆರಳು ವಿರಳ. ವಯಸ್ಸಾದ ತಂದೆತಾಯಿಯರನ್ನೋ ಪುಟ್ಟ ಮಕ್ಕಳನ್ನೋ ಕರೆತಂದವರಿಗೆ ಬಿಸಿಲಿನಲ್ಲಿ ನಡೆದು, ಮತ್ತೆ ರಸ್ತೆಬದಿಯಲ್ಲಿ ಬಸ್ಸಿಗಾಗಿ ಕಾಯುವುದು ನಿಜವಾದ ಕಷ್ಟ. ತುಳುವರ ಆಟಿ ತಿಂಗಳ ಮಳೆಯಲ್ಲಂತೂ ಹೇಳುವುದೇ ಬೇಡ.

ಇದಕ್ಕೆ ಪ್ರತಿವಾದವೂ ಇದೆ. ಕಾರು ಸಮಯ ಉಳಿಸುತ್ತದೆ, ನಿಜ. ಉಳಿದ ಸಮಯ ಮತ್ತೊಂದು ಕೋಟೆಯತ್ತ ಓಡುವುದಕ್ಕೇ ಹೋದರೆ ಲಾಭವೇನು? ಕೆಳದಿಯ ಶಿವಪ್ಪ ನಾಯಕನ ಕಾಲದ್ದೆಂದು ಹೇಳಲಾಗುವ ಬೇಕಲದ ಕೋಟೆ ಮುಂದೆ ಹೈದರಾಲಿಯ ಕೈಸೇರಿ, ಟಿಪ್ಪುವಿನ ಪತನದ ಬಳಿಕ ಬ್ರಿಟಿಷರ ವಶವಾಯಿತು. ಅದರ ವೀಕ್ಷಣಾ ಗೋಪುರ, ಮೆಟ್ಟಿಲುಗಳ ಕೆರೆ, ಮದ್ದಿನ ಮನೆ, ಕಡಲಿಗೆ ಚಾಚಿದ ಬುರುಜುಗಳನ್ನು ನೋಡಲು ಅರ್ಧ ದಿನವಾದರೂ ಬೇಕು. ಇನ್ನು ನಗರದೊಳಗೆ ಬಸ್ಸಿನ ಮೇಲುಗೈ ಸ್ಪಷ್ಟ. ಗುರುಪುರ ನದಿಯ ದಾರಿಯಾಗಿ ಶತ್ರುನೌಕೆಗಳು ಒಳಬರದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಗೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸಿಟಿ ಬಸ್ಸಿದೆ. ಕಾವಲು ಬುರುಜಿನಷ್ಟೇ ದೊಡ್ಡದಾದ ಆ ಕಟ್ಟಡಕ್ಕಾಗಿ ಇಡೀ ದಿನದ ಬಾಡಿಗೆ ತೆರುವ ಅಗತ್ಯ ಕಾಣುವುದಿಲ್ಲ.

ಖರ್ಚಿನ ವಾದವನ್ನು ಮಾತ್ರ ಎಚ್ಚರದಿಂದ ತೂಗಬೇಕು. ಒಬ್ಬರೇ ಹೊರಟರೆ ಬಸ್ಸು ಅಗ್ಗವೆನ್ನುವುದರಲ್ಲಿ ಅನುಮಾನವಿಲ್ಲ. ಐದು ಮಂದಿ ಕಾರಿನ ಬಾಡಿಗೆ ಹಂಚಿಕೊಂಡರೆ ಅಂತರ ಕುಗ್ಗುತ್ತದೆ. 2023ರಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ಸರಕಾರಿ ಬಸ್ಸಿನಲ್ಲಿ ರಾಜ್ಯದ ಮಹಿಳೆಯರಿಗೆ ಸಿಗುವಂಥದ್ದು. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವಾದ್ದರಿಂದ ಅದರ ನೆರವು ಇಲ್ಲಿ ಸೀಮಿತ. ಗಡಾಯಿಕಲ್ಲಿನ ವಿಷಯದಲ್ಲಿ ಕಾರಿನವರ ವಾದ ಇನ್ನಷ್ಟು ಬಲವಾಗುತ್ತದೆ. ಟಿಪ್ಪು 1794ರಲ್ಲಿ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ ಆ ಬಂಡೆಗೋಟೆಯನ್ನು ಬಿಸಿಲೇರುವ ಮುನ್ನವೇ ಹತ್ತತೊಡಗುವುದು ಕ್ಷೇಮ. ಬೆಳ್ತಂಗಡಿಯವರೆಗೆ ಬಸ್ಸಿಗೆ ಬರವಿಲ್ಲವಾದರೂ ಅಲ್ಲಿಂದ ಬಂಡೆಯ ಬುಡಕ್ಕೆ, ಅದೂ ನಸುಕಿನಲ್ಲಿ, ಬಸ್ಸನ್ನೇ ನಂಬಿ ಹೊರಡುವುದು ವಿವೇಕವಲ್ಲ.

ಇವನ್ನೆಲ್ಲ ತೂಗಿದರೆ, ಎಲ್ಲ ಕೋಟೆಗಳಿಗೂ ಒಂದೇ ವಾಹನ ಎಂಬ ಹಟವೇ ತೊಡಕಿನ ಮೂಲವೆನಿಸುತ್ತದೆ. ಸುಲ್ತಾನ್ ಬತ್ತೇರಿಗೆ ಸಿಟಿ ಬಸ್ಸು ಸಾಕು. ದಕ್ಷಿಣದ ಸಾಲಿಗೆ ಮಂಗಳೂರು ಸೆಂಟ್ರಲ್‌ನಿಂದ ಕಾಸರಗೋಡಿಗೆ ರೈಲು, ಅಲ್ಲಿಂದ ಕರಾವಳಿಯ ಬಸ್ಸು, ನಡೆಯಲಾಗದ ಕಡೆ ಆಟೋ ಎಂಬ ಹೊಂದಾಣಿಕೆ ಹೆಚ್ಚಿನವರಿಗೆ ಒಗ್ಗಬಹುದು. ಆದರೆ ದಿನಕ್ಕೆ ಎರಡು ಕೋಟೆಗಿಂತ ಹೆಚ್ಚು ಹಾಕಿಕೊಳ್ಳಬಾರದು. ಗಡಾಯಿಕಲ್ಲಿಗೆ ನಾಲ್ಕಾರು ಮಂದಿ ಸೇರಿ ವಾಹನ ಮಾಡಿಕೊಳ್ಳುವುದೇ ಮೇಲು. ಹಿರಿಯರು ಜೊತೆಗಿದ್ದರೆ ಕಾರು ಹಿಡಿಯಲು ಸಂಕೋಚಪಡಬೇಕಿಲ್ಲ. ಒಬ್ಬರೇ ಹೊರಟವರು, ಗಟ್ಟಿ ಕಾಲಿನವರು ಮೊದಲು ಬಸ್ಸನ್ನೇ ಪರಿಗಣಿಸಲಿ.