ಬರಹದಲ್ಲಿ ಆರು, ಬಾಯಲ್ಲಿ ಐದು

ಕಡೂರು ರೈಲು ನಿಲ್ದಾಣದಲ್ಲಿ ಗಾಡಿ ತಡವಾದರೆ ಬೆಂಚಿನ ಮೇಲೆ ಕೂತವರು ಹೇಳುವುದು ಇಷ್ಟೇ: "ಇಷ್ಟೊತ್ತಿಗೆ ಬಂದಿರ್ಬೇಕಿತ್ತು." ಬೀರೂರಿನಲ್ಲಿ ಹಳಿ ಕವಲೊಡೆದು ಒಂದು ತರೀಕೆರೆಯತ್ತ, ಇನ್ನೊಂದು ಅಜ್ಜಂಪುರದತ್ತ ಹೊರಳುತ್ತದೆ. ಅಲ್ಲೂ ಕಾಯುವವರ ಬಾಯಲ್ಲಿ ಇದೇ ಮಾತು. ಶಾಲೆಯ ಹುಡುಗ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದರೆ ಮಾತ್ರ ಕೆಂಪು ಶಾಯಿ ಬೀಳುತ್ತದೆ. 'ಬಂದಿರಬೇಕಿತ್ತು' ಎಂದು ತಿದ್ದುವುದು ಸರಿಯೇ. ಆಡಿದ್ದು ಅಶುದ್ಧ ಎಂದು ಗದರುವುದು ಸರಿಯಲ್ಲ.

ಆ ಪದವನ್ನು ಬಿಡಿಸಿ ನೋಡಬೇಕು. ಬಂದು, ಇರ, ಬೇಕು, ಇತ್ತು: ನಾಲ್ಕು ತುಂಡು. 'ಬಂದು'ವಿನ ಉಕಾರವೂ 'ಬೇಕು'ವಿನ ಉಕಾರವೂ ಬಿದ್ದುಹೋಗಿವೆ. ಮಕ್ಕಳು ಓದುವ ಲೋಪಸಂಧಿಯೇ ಇದು. 'ಬಂದಿರಬೇಕು' ಎಂದರೆ ಗಾಡಿ ಬಂದಿದೆಯೆಂಬ ಊಹೆ. ಕೊನೆಗೆ 'ಇತ್ತು' ಸೇರಿತೋ, ಗಾಡಿ ಬಂದೇ ಇಲ್ಲ!

ಇನ್ನು ಉಚ್ಚಾರ. ಬರಹದಲ್ಲಿ ಬಂ-ದಿ-ರ-ಬೇ-ಕಿ-ತ್ತು, ಆರು ಅಕ್ಷರ. ಛಂದಸ್ಸಿನ ಲೆಕ್ಕದಲ್ಲಿ ಎರಡು, ಒಂದು, ಒಂದು, ಎರಡು, ಎರಡು, ಒಂದು. ಒಟ್ಟು 9 ಮಾತ್ರೆ. ಬಾಯಲ್ಲಿ 'ರ'ದ ಅಕಾರ ಬಿದ್ದು ಬನ್-ದಿರ್-ಬೇ-ಕಿತ್-ತು ಆಗುತ್ತದೆ. ತುಂಡುಗಳು ಐದೇ. ಆದರೆ ಲಘುವಾಗಿದ್ದ 'ದಿ' ಈಗ 'ದಿರ್' ಆಗಿ ಗುರುವಾಯಿತು. ಮಾತ್ರೆ ಮತ್ತೆ 9! ನಾಲಿಗೆ ಒಂದು ಸ್ವರವನ್ನು ಬಿಟ್ಟು, ಅದರ ಕಾಲವನ್ನು ಹಿಂದಿನ ಅಕ್ಷರಕ್ಕೆ ಕಟ್ಟಿಕೊಟ್ಟಿದೆ. ಇಷ್ಟು ಕಟ್ಟುನಿಟ್ಟಾದದ್ದನ್ನು ಸೋಮಾರಿ ಉಚ್ಚಾರ ಎನ್ನಲಾದೀತೆ?

ಫ್ರೆಂಚರೂ ಇದನ್ನೇ ಮಾಡುತ್ತಾರೆ. ಗಾಡಿ ಬಂದಿರಬೇಕಿತ್ತು ಎನ್ನಲು ಅವರು ಬರೆಯುವುದು ನಾಲ್ಕು ಪದ. ನಿಧಾನವಾಗಿ ಓದಿದರೆ ಹೆಚ್ಚುಕಡಿಮೆ ಇ-ಲೊ-ರೆ-ದ್ಯು-ವ-ನೀರ್, ಆರು ತುಂಡು. ಮೊದಲ ಪದ 'ಇಲ್'. ಅದರ ಲಕಾರ ಮುಂದಿನ ಸ್ವರಕ್ಕೆ ಅಂಟಿ 'ಲೊ' ಆಗಿದೆ. ಎರಡನೆಯ ಪದದ ಕೊನೆಯ ತಕಾರ ಕಾಗದದಲ್ಲಿದೆ, ಕಿವಿಗಿಲ್ಲ. ಮಾತಿನ ವೇಗದಲ್ಲಿ 'ವ'ದ ಸ್ವರವೂ ಬಿದ್ದು ಇ-ಲೊ-ರೆ-ದ್ಯುವ್-ನೀರ್, ಐದು ತುಂಡು. ಫ್ರೆಂಚ್ ಕಲಿಸುವವರು ಇದನ್ನು ತಪ್ಪೆಂದು ಹೊಡೆದುಹಾಕುವುದಿಲ್ಲ, ಪಾಠವಾಗಿಯೇ ಹೇಳಿಕೊಡುತ್ತಾರೆ.

ಕನ್ನಡದಲ್ಲಿ ಈ ಕೆಲಸಕ್ಕೆ ಹೊಸ ಸಲಕರಣೆಯೇ ಬೇಡ. 'ಜೈಮಿನಿ ಭಾರತ'ದ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರು ಇರುವುದು ಕಡೂರು ತಾಲ್ಲೂಕಿನಲ್ಲೇ. ಅವನ ವಾರ್ಧಕ ಷಟ್ಪದಿಯಲ್ಲಿ ಐದೈದು ಮಾತ್ರೆಯ ಗಣಗಳು. ಸಣ್ಣ ಸಾಲಿಗೆ 20 ಮಾತ್ರೆ, ದೊಡ್ಡ ಸಾಲಿಗೆ 32, ಇಡೀ ಪದ್ಯಕ್ಕೆ 144. ನಾದಲೋಲ ಎಂದು ಅವನನ್ನು ಕೊಂಡಾಡುವುದು ಸುಮ್ಮನಲ್ಲ. ಹೈಸ್ಕೂಲಿನ ಮಕ್ಕಳು ಷಟ್ಪದಿಗೆ ಪ್ರಸ್ತಾರ ಹಾಕುತ್ತಾರೆ, ಗುರು ಲಘು ಗುರುತಿಸಿ ಅಂಕ ಪಡೆಯುತ್ತಾರೆ. ಆ ಲೆಕ್ಕ ತಮ್ಮ ಬಾಯಿಮಾತಿಗೂ ಹೊಂದುತ್ತದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಕನ್ನಡ ಮೇಷ್ಟ್ರುಗಳು ಒಂದು ಪೀರಿಯಡ್ ಇದಕ್ಕೆ ಕೊಡಲಿ. ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ ಒಂದು ಉದ್ದನೆಯ ಕ್ರಿಯಾಪದವನ್ನು ಮಕ್ಕಳೇ ತರಲಿ. ಬೋರ್ಡಿನ ಮೇಲೆ ಬರಹದ ರೂಪಕ್ಕೊಂದು, ಆಡುವ ರೂಪಕ್ಕೊಂದು ಪ್ರಸ್ತಾರ ಹಾಕಿಸಲಿ. ಕೆಂಪು ಶಾಯಿ ಆಮೇಲೆ.