ಹಿಮದಂಥ ಗಾಜು ಕೈಕೆಲಸವೇ?

ಮೈಯೆಲ್ಲ ಮಂಜುಗಡ್ಡೆಯಂತೆ ಬಿರುಕು, ಉಬ್ಬುತಗ್ಗು ಇರುವ ಗಾಜಿನ ಹೂದಾನಿ ಕಂಡರೆ ಅದು ಕೈಯಲ್ಲೇ ಮಾಡಿದ್ದೆಂದು ನಂಬಿಬಿಡುತ್ತೇವೆ. ಮಾರುವವರಿಗೂ ಅದೇ ಅನುಕೂಲ. ಆದರೆ ಒರಟುತನವೊಂದೇ ಕೈಕೆಲಸಕ್ಕೆ ಸಾಕ್ಷಿಯಾಗದು. ಕಬ್ಬಿಣದ ಅಚ್ಚಿನಲ್ಲಿ ಒಮ್ಮೆ ಕೆತ್ತಿಟ್ಟ ಒರಟನ್ನು ಯಂತ್ರ ಸಾವಿರ ಸಲ ಒತ್ತಿ ಕೊಡಬಲ್ಲದು. ಆ ಮೈ ಮೂಡಿದ್ದು ಹೇಗೆ ಎಂಬುದನ್ನು ತಿಳಿಯುವ ಹಕ್ಕು ಕೊಳ್ಳುವವರಿಗಿದೆ.

ವೆನಿಸ್‌ ಬಳಿಯ ಮುರಾನೊ ದ್ವೀಪದವರು 16ನೇ ಶತಮಾನದಲ್ಲೇ ಈ ಗಾಜು ಮಾಡುತ್ತಿದ್ದರು. ಊದುಕೊಳವೆಯ ತುದಿಯಲ್ಲಿ ಕೆಂಪಗೆ ಕಾದ ಗಾಜಿನ ಉಂಡೆಯನ್ನು ತಣ್ಣೀರಿಗೆ ಅದ್ದಿ ಕೂಡಲೇ ತೆಗೆಯುತ್ತಾರೆ. ಹೊರಮೈ ಥಟ್ಟನೆ ಕುಗ್ಗಿ ಬಿರುಕು ಬಿಡುತ್ತದೆ, ಒಳಗಿನದು ಇನ್ನೂ ಮೆತ್ತಗಿರುತ್ತದೆ. ಮತ್ತೆ ಕುಲುಮೆಗೆ ಹಿಡಿದು ಬಿರುಕಿನ ಅಂಚುಗಳನ್ನು ಬೆಸೆದು ಊದಿದರೆ ಅವು ಅಗಲವಾಗಿ ಹರಡಿಕೊಳ್ಳುತ್ತವೆ. ನೀರಿನಲ್ಲಿ ಕ್ಷಣ ಹೆಚ್ಚಾದರೆ ಉಂಡೆಯೇ ಒಡೆಯಬಹುದು, ಬೆಂಕಿಯಲ್ಲಿ ಹೆಚ್ಚಾದರೆ ಬಿರುಕೆಲ್ಲ ಕರಗಿ ನುಣ್ಣಗಾಗುತ್ತದೆ. ಇವೆರಡರ ನಡುವಿನ ಹದ ಊದುವವನ ಕಣ್ಣಿಗೆ, ಕೈಗೆ ಮಾತ್ರ ಗೊತ್ತು. ದುಡ್ಡು ಕೊಡಬೇಕಾದದ್ದು ಆ ಹದಕ್ಕೆ.

ಅಚ್ಚು ಬಳಸಿದರೆ ಕೈಕೆಲಸವಲ್ಲವೇ ಎಂದು ಕೇಳಬಹುದು. ಫಿನ್ಲೆಂಡಿನ ಈಟಲಾ ಕಾರ್ಖಾನೆಗಾಗಿ ಟಿಮೊ ಸಾರ್ಪನೇವಾ 1964ರಲ್ಲಿ ರೂಪಿಸಿದ 'ಫಿನ್‌ಲಾಂಡಿಯಾ' ಸರಣಿಯೇ ಇದಕ್ಕೆ ಉತ್ತರ. ಅದರ ಅಚ್ಚು ಮರದ್ದು. ಕಾದ ಗಾಜು ತಗುಲಿದಾಗೆಲ್ಲ ಮರ ಸುಟ್ಟು, ಅದರ ಕರಿಕಲು ಮೈಯ ಗುರುತು ಗಾಜಿಗೆ ಇಳಿಯುತ್ತಿತ್ತು. ಪ್ರತಿ ಸಲವೂ ಅಚ್ಚು ಇನ್ನಷ್ಟು ಸುಡುತ್ತಿದ್ದುದರಿಂದ ಒಂದು ಪಾತ್ರೆಯಂತೆ ಇನ್ನೊಂದು ಇರುತ್ತಿರಲಿಲ್ಲ. ಅದೇ ಕಾರ್ಖಾನೆಗೆ ತಾಪಿಯೊ ವಿರ್ಕ್ಕಲಾ 1968ರಲ್ಲಿ ಲ್ಯಾಪ್‌ಲೆಂಡಿನ ಕರಗುವ ಹಿಮವನ್ನು ನೆನೆದು ರೂಪಿಸಿದ 'ಅಲ್ಟಿಮಾ ಥೂಲಿ' ಲೋಟಗಳ ಕಥೆ ಬೇರೆ. ಅಲ್ಲಿ ಕಲಾವಿದನ ಕೈ ಮುಖ್ಯವಾಗಿ ಅಚ್ಚಿನಲ್ಲಿದೆ. ಹನಿ ಇಳಿದಂಥ ಆ ಗೆರೆಗಳು ಲೋಟದಿಂದ ಲೋಟಕ್ಕೆ ಮರುಕಳಿಸುತ್ತವೆ. ಅದರ ಸೌಂದರ್ಯಕ್ಕೆ ಇದರಿಂದ ಕುಂದೇನೂ ಇಲ್ಲ, ಆದರೆ ಎರಡಕ್ಕೂ ಒಂದೇ ಹೆಸರಿನ ಚೀಟಿ ಅಂಟಿಸುವುದು ಸರಿಯಲ್ಲ.

ಇದೆಲ್ಲ ಉಳ್ಳವರ ತಕರಾರು, ಅಗ್ಗದ ಒತ್ತುಗಾಜೇ ಅಂದವನ್ನು ಸಾಮಾನ್ಯರ ಮನೆಗೆ ತಂದಿತು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒತ್ತುಗಾಜು ಒತ್ತುಗಾಜಿನ ಹೆಸರಲ್ಲೇ, ಅದರ ಬೆಲೆಗೇ ಮಾರಾಟವಾಗಲಿ. ಅದು ಕೈಕೆಲಸದ ಹೆಸರು ಹೊತ್ತು ಪಕ್ಕದಲ್ಲಿ ನಿಂತಾಗ ಮೊದಲು ಸೋಲುವವನು ಕುಲುಮೆಯ ಮುಂದೆ ನಿಂತು ಊದುವವನು. ಅವನ ಬೆಲೆ ದುಬಾರಿಯೆಂದು ಜನ ದೂರ ಸರಿಯುತ್ತಾರೆ. ಅದ್ದಿದ್ದೋ, ಅಚ್ಚಿನಲ್ಲಿ ಊದಿದ್ದೋ, ಯಂತ್ರದಲ್ಲಿ ಒತ್ತಿದ್ದೋ ಎಂದು ಚೀಟಿಯಲ್ಲಿ ಒಂದು ಸಾಲು ಬರೆಯಲು ಮಾರುವವರಿಗೆ ಖರ್ಚೇನೂ ಇಲ್ಲ. ಅಲ್ಲಿಯವರೆಗೆ ಒಂದೇ ಮಾದರಿಯ ಎರಡು ಪಾತ್ರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಬಿರುಕುಗಳು ಎರಡರಲ್ಲೂ ಅದೇ ಜಾಗದಲ್ಲಿದ್ದರೆ ಅವು ಅಚ್ಚಿನಿಂದ ಬಂದವು.